ಪ್ರಾಣ ಉಳಿಸಿದವನಿಗೆ ಮಾತ್ರ ಮರ್ಯಾದೆಯೇ?

‘ದಿ ಸಿಂಪ್ಸನ್ಸ್’ ಚಿತ್ರಮಾಲೆಯಲ್ಲಿ ಸಲಿಂಗಪ್ರೇಮಿಗಳು

1

ನಗುವಿಗೆ ಜಾತಿಯಿಲ್ಲ, ಪಕ್ಷವಿಲ್ಲ ಅನ್ನುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಅರಳಿಕಟ್ಟೆಯ ಮೇಲೆ ಕೂತವರು ದಾರಿಯಲ್ಲಿ ಹೋಗುವವನ ನಡಿಗೆ ನೋಡಿ ಅಣಕಿಸಿದರೆ ಅವರಿಗೆ ಅದು ಹೊತ್ತು ಕಳೆಯುವ ತಮಾಷೆ. ಅಣಕಕ್ಕೆ ಸಿಕ್ಕವನು ಮಾರನೇ ದಿನದಿಂದ ಸುತ್ತುದಾರಿ ಹಿಡಿಯುತ್ತಾನೆ. ಆದ್ದರಿಂದ ಯಾವುದೇ ನಗೆಯ ಕೃತಿ ಎದುರಿಗೆ ಬಂದಾಗ ಮೂರು ಪ್ರಶ್ನೆ ಕೇಳಲೇಬೇಕು. ನಗುತ್ತಿರುವವರು ಯಾರು? ಯಾರನ್ನು ನೋಡಿ ನಗುತ್ತಿದ್ದಾರೆ? ಆ ನಗುವಿಗೆ ಬೆಲೆ ತೆರುತ್ತಿರುವವರು ಯಾರು?

ಈ ಪ್ರಶ್ನೆಗಳನ್ನು ಇಲ್ಲಿ ಅಮೆರಿಕದ ಒಂದು ವ್ಯಂಗ್ಯಚಿತ್ರ ಮಾಲೆಗೆ ಹಾಕುತ್ತಿದ್ದೇವೆ. ‘ಅಮೆರಿಕದ ಗೊಂಬೆಯಾಟ ಕಟ್ಕೊಂಡು ನಮಗೇನಾಗಬೇಕು?’ ಎಂದು ಕೆಲವು ಗೆಳೆಯರು ಕೇಳಬಹುದು. ಆಗಬೇಕಾದ್ದು ಇದೆ. ತಾನೇ ಹೊರಗಿಟ್ಟ ಮನುಷ್ಯನನ್ನು ಒಂದು ಸಮಾಜ ‘ಒಪ್ಪಿಕೊಳ್ಳುತ್ತೇನೆ’ ಎಂದು ಬಾಗಿಲು ತೆರೆದಾಗ, ಹೊಸ್ತಿಲಲ್ಲೇ ಅವನಿಂದ ಏನು ವಸೂಲು ಮಾಡುತ್ತದೆ ಎಂಬುದು ಈ ಚಿತ್ರಮಾಲೆಯಲ್ಲಿ ಬಿಡಿಸಿ ಇಟ್ಟ ಹಾಗೆ ಕಾಣುತ್ತದೆ. ಅದನ್ನು ಬರೆದವರಿಗೆ ಇದು ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಎಂಬುದೇ ಈ ಲೇಖನದ ವಿಷಯ.

‘ದಿ ಸಿಂಪ್ಸನ್ಸ್’ 1989ರ ಡಿಸೆಂಬರ್ 17ರಂದು ಫಾಕ್ಸ್ ಎಂಬ ಖಾಸಗಿ ಟೀವಿ ಜಾಲದಲ್ಲಿ ಶುರುವಾಯಿತು. ಹುಟ್ಟುಹಾಕಿದವನು ಮ್ಯಾಟ್ ಗ್ರೇನಿಂಗ್ ಎಂಬ ವ್ಯಂಗ್ಯಚಿತ್ರಕಾರ. ಇಂದಿಗೂ ಅದು ನಿಂತಿಲ್ಲ. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಊರು. ಅಲ್ಲಿನ ಅಣುವಿದ್ಯುತ್ ಸ್ಥಾವರದಲ್ಲಿ ನೌಕರಿ ಮಾಡುವ ಹೋಮರ್ ಸಿಂಪ್ಸನ್ ದಡ್ಡ, ಹೊಟ್ಟೆಬಾಕ, ಕುಡುಕ; ಆದರೂ ಹೆಂಡತಿ ಮಕ್ಕಳೆಂದರೆ ಪ್ರಾಣ ಬಿಡುವವನು. ಹೆಂಡತಿ ಮಾರ್ಜ್, ಹತ್ತು ವರ್ಷದ ತುಂಟ ಮಗ ಬಾರ್ಟ್, ಎಂಟು ವರ್ಷದ ಜಾಣೆ ಮಗಳು ಲೀಸಾ, ಇನ್ನೂ ಮಾತು ಬಾರದ ಕೂಸು ಮ್ಯಾಗಿ. ಅಮೆರಿಕದ ಬಿಳಿಯ ಸಮಾಜ ‘ನಮ್ಮ ಸಾಮಾನ್ಯ ಮನುಷ್ಯ ಅಂದ್ರೆ ಹಿಂಗೇ ಇರ್ತಾನೆ’ ಎಂದು ತನ್ನನ್ನೇ ನೋಡಿಕೊಂಡು ನಕ್ಕ ಕನ್ನಡಿ ಈ ಹೋಮರ್. ಆದ್ದರಿಂದ ಅವನ ಭಯ ಅವನೊಬ್ಬನ ಭಯವಲ್ಲ.

2

1997ರ ಫೆಬ್ರವರಿ 16ರಂದು ಪ್ರಸಾರವಾದ ಕಂತಿಗೆ ‘ಹೋಮರ್ಸ್ ಫೋಬಿಯಾ’ ಎಂದೇ ಹೆಸರು. ಅಂದರೆ ಹೋಮರನ ಭಯ. ಆ ಕಾಲ ಎಂಥದ್ದು ಎಂಬುದನ್ನು ಮೊದಲು ನೆನಪಿಡಬೇಕು. ಅದಕ್ಕೆ ಐದು ತಿಂಗಳ ಹಿಂದೆ, 1996ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಕ್ಲಿಂಟನ್ ಒಂದು ಕಾನೂನಿಗೆ ಸಹಿ ಹಾಕಿದ್ದ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾದರೆ ಅದನ್ನು ಕೇಂದ್ರ ಸರ್ಕಾರ ಮದುವೆ ಎಂದು ಒಪ್ಪುವುದಿಲ್ಲ ಎಂಬುದು ಅದರ ತಿರುಳು. ಸೈನ್ಯದಲ್ಲಿ ಸಲಿಂಗಪ್ರೇಮಿಗಳು ತಾವು ಯಾರೆಂದು ಬಾಯಿ ಬಿಡದಿದ್ದರೆ ಮಾತ್ರ ಕೆಲಸ ಉಳಿಯುತ್ತಿತ್ತು. ಹಲವು ರಾಜ್ಯಗಳಲ್ಲಿ ಅವರ ಕೂಡುವಿಕೆಯೇ ಅಪರಾಧವಾಗಿತ್ತು. ಅಂಥ ಕಾನೂನುಗಳನ್ನು ಅಲ್ಲಿನ ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2003ರಲ್ಲಿ.

ಕಥೆ ಹೀಗಿದೆ. ಗ್ಯಾಸಿನ ಬಿಲ್ಲು ಕಟ್ಟಲು ದುಡ್ಡಿಲ್ಲದೆ ಸಿಂಪ್ಸನ್ ಸಂಸಾರ ಮಾರ್ಜಳ ಅಜ್ಜಿ ಕಾಲದ್ದೆಂದು ನಂಬಿದ್ದ ಗೊಂಬೆಯೊಂದನ್ನು ಮಾರಲು ಹಳೇ ಸಾಮಾನಿನ ಅಂಗಡಿಗೆ ಹೋಗುತ್ತದೆ. ಅದು ಬರೀ ವಿಸ್ಕಿ ಬಾಟಲಿ ಎಂದು ಅಂಗಡಿಯ ಜಾನ್ ಹೇಳುತ್ತಾನೆ. ಜಾನ್ ಒಳ್ಳೆಯ ಮಾತುಗಾರ, ಹಾಸ್ಯಗಾರ. ಹೋಮರನಿಗೆ ಅವನು ಬಹಳ ಹಿಡಿಸುತ್ತಾನೆ. ಮನೆಗೆ ಕರೆಯುತ್ತಾನೆ, ಇಬ್ಬರೂ ಕುಣಿಯುತ್ತಾರೆ. ಮಾರನೇ ಬೆಳಿಗ್ಗೆ, ‘ಅವನನ್ನ ಹೆಂಡ್ತಿ ಸಮೇತ ಇನ್ನೊಂದ್ಸಲ ಕರೀಬೇಕು’ ಎನ್ನುವಾಗ ಮಾರ್ಜ್ ನಿಜ ಬಿಡಿಸಿ ಹೇಳುತ್ತಾಳೆ: ಜಾನ್ ಸಲಿಂಗಪ್ರೇಮಿ. ಹೋಮರ್ ಹಾವು ತುಳಿದವನಂತೆ ಕಿರುಚುತ್ತಾನೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಜಾನನ ಮೇಲೆ ಹೋಮರನಿಗಿರುವ ದೊಡ್ಡ ಸಿಟ್ಟು ಅವನು ಸಲಿಂಗಪ್ರೇಮಿ ಎಂಬುದಕ್ಕಿಂತ ಹೆಚ್ಚಾಗಿ ಅದು ನೋಡಿದರೆ ಗೊತ್ತಾಗಲಿಲ್ಲ ಎಂಬುದು. ಅಂಥವರು ಸೊಂಟ ಬಳುಕಿಸಿಕೊಂಡು ನಡೆದು ಊರಿಗೆಲ್ಲ ಗೊತ್ತು ಮಾಡಬೇಕಿತ್ತು ಎಂಬುದು ಅವನ ದೂರು. ಹೊರಗಿಟ್ಟವನು ಗುರುತು ಹಚ್ಚಿಕೊಂಡೇ ತಿರುಗಬೇಕು ಎಂಬ ಆಸೆ ಎಷ್ಟು ಹಳೆಯದು! ಪೇಶ್ವೆಗಳ ಕಾಲದ ಪುಣೆಯಲ್ಲಿ ಅಸ್ಪೃಶ್ಯರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತು ಎಂಬುದನ್ನು ಅಂಬೇಡ್ಕರ್ ಬರೆದಿದ್ದಾರೆ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಎರಡರ ಹಿಂದಿರುವ ಅಂಜಿಕೆ ಒಂದೇ: ಗುರುತಿಲ್ಲದಿದ್ದರೆ ಗೊತ್ತಿಲ್ಲದೆ ಅವನನ್ನು ಇಷ್ಟಪಟ್ಟುಬಿಟ್ಟೇವು ಎಂಬ ಅಂಜಿಕೆ. ಹೋಮರನಿಗೆ ಆಗಿದ್ದೂ ಅದೇ.

ಮುಂದೆ ಭಯ ಮಗನ ಮೇಲೆ ತಿರುಗುತ್ತದೆ. ಬಾರ್ಟ್ ಹೂವಿನ ಅಂಗಿ ಹಾಕಿದ್ದಾನೆ. ಹೆಂಗಸರ ಟೋಪನ್ ಇಟ್ಟುಕೊಂಡು ಕುಣಿದಿದ್ದಾನೆ. ಜಾನನ ಗಾಳಿ ಮಗನಿಗೆ ತಗುಲಿತು ಎಂದು ಹೋಮರ್ ಮಗನನ್ನು ‘ಗಂಡಸು ಮಾಡಲು’ ಹೊರಡುತ್ತಾನೆ. ಮೊದಲ ಔಷಧ: ಹೆಣ್ಣುಗಳ ಚಿತ್ರವಿರುವ ಸಿಗರೇಟಿನ ಜಾಹೀರಾತು ಫಲಕದ ಮುಂದೆ ಗಂಟೆಗಟ್ಟಲೆ ಕೂರಿಸುವುದು. ಹುಡುಗನಿಗೆ ಹೆಣ್ಣಿನ ಆಸೆ ಹುಟ್ಟುವುದಿಲ್ಲ, ಸಿಗರೇಟಿನ ಆಸೆ ಹುಟ್ಟುತ್ತದೆ! ಎರಡನೆಯದು: ನಿಜವಾದ ಗಂಡಸರನ್ನು ತೋರಿಸಲು ಉಕ್ಕಿನ ಕಾರ್ಖಾನೆಗೆ ಕರೆದೊಯ್ಯುವುದು. ಅಲ್ಲಿ ಬೆಂಕಿಯ ಮುಂದೆ ಬೆವರು ಸುರಿಸುವ ಕಾರ್ಮಿಕರೆಲ್ಲ ಸಲಿಂಗಪ್ರೇಮಿಗಳೇ! ಬಿಡುವಿನ ಗಂಟೆ ಹೊಡೆದದ್ದೇ ಕಾರ್ಖಾನೆ ಕುಣಿತದ ಮನೆಯಾಗುತ್ತದೆ. ಮೂರನೆಯದು ಬೇಟೆ. ಕುಡುಕ ಗೆಳೆಯರಾದ ಮೋ, ಬಾರ್ನಿ ಜೊತೆ ಜಿಂಕೆ ಹೊಡೆಸಲು ಹೋಗುತ್ತಾರೆ. ಕಾಡಿನಲ್ಲಿ ಒಂದೂ ಸಿಗದೆ, ಕ್ರಿಸ್‌ಮಸ್ ತಾತನ ಹೆಸರಿನ ಪ್ರವಾಸಿ ತಾಣದಲ್ಲಿ ದೊಡ್ಡಿಯೊಳಗೆ ಕಟ್ಟಿಹಾಕಿದ ಹಿಮಸಾರಂಗವನ್ನು ಹೊಡೆ ಎಂದು ಮಗನ ಕೈಗೆ ಬಂದೂಕು ಕೊಡುತ್ತಾರೆ. ಹುಡುಗ ಹಿಂದೆ ಸರಿಯುತ್ತಾನೆ. ಸಾರಂಗಗಳು ತಿರುಗಿ ಬೀಳುತ್ತವೆ. ಆಗ ಮಾರ್ಜ್, ಲೀಸಾ ಜೊತೆ ಅಲ್ಲಿಗೆ ಬಂದ ಜಾನ್ ಜಪಾನಿ ಆಟಿಕೆಯೊಂದನ್ನು ಬಿಟ್ಟು ಪ್ರಾಣಿಗಳನ್ನು ಬೆದರಿಸಿ ಎಲ್ಲರನ್ನೂ ಉಳಿಸುತ್ತಾನೆ.

ಈ ಕಂತಿನ ಹಾಸ್ಯಕ್ಕೆ ಒಂದು ಗುಣವಿದೆ, ಅದನ್ನು ಮೊದಲೇ ಒಪ್ಪಿಬಿಡೋಣ. ಇಲ್ಲಿ ನಗೆಗೆ ಗುರಿಯಾದವನು ಜಾನ್ ಅಲ್ಲ, ಹೋಮರ್. ಅದಕ್ಕೆ ಮುಂಚಿನ ಟೀವಿ ಹಾಸ್ಯದಲ್ಲಿ ಸಲಿಂಗಪ್ರೇಮಿ ಬಂದರೆ ಅವನ ಕೈ ಬೀಸುವಿಕೆ, ದನಿ, ನಡಿಗೆಯೇ ತಮಾಷೆಯಾಗಿರುತ್ತಿತ್ತು. ಇಲ್ಲಿ ಅವನನ್ನು ನೋಡಿ ಬೆಚ್ಚುವವನೇ ತಮಾಷೆ. ಬೆರಳು ತಿರುಗಿದೆ. ಉಕ್ಕಿನ ಕಾರ್ಖಾನೆಯ ದೃಶ್ಯವಂತೂ ‘ದುಡಿಯುವ ಗಂಡಸು’ ಎಂಬ ಬಿಗಿದ ಮುಷ್ಟಿಯ ಬೊಂಬೆಯನ್ನೇ ಒಡೆಯುತ್ತದೆ. ಇದೆಲ್ಲ ಶ್ರೀಮಂತರ, ಪೇಟೆಯವರ ಚಾಳಿ, ದುಡಿಯುವ ಜನಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುವ ನಮ್ಮ ಕೆಲವು ಕ್ರಾಂತಿಕಾರಿ ಗೆಳೆಯರು ಆ ದೃಶ್ಯವನ್ನು ಎರಡು ಸಲ ನೋಡಬೇಕು.

ಇದನ್ನು ತೆರೆಗೆ ತರುವುದೂ ಸುಲಭವಿರಲಿಲ್ಲ. ಫಾಕ್ಸ್ ಸಂಸ್ಥೆಯ ಒಳಗಿನ ಸೆನ್ಸಾರಿನವರು ಚಿತ್ರಕಥೆ ಓದಿ, ವಿಷಯವೇ ಪ್ರಸಾರಕ್ಕೆ ಯೋಗ್ಯವಲ್ಲ ಎಂದು ಬರೆದು ಕಳಿಸಿದ್ದರು. ಅಷ್ಟರಲ್ಲಿ ಸಂಸ್ಥೆಯ ಮುಖ್ಯಸ್ಥ ಬದಲಾದ, ಸೆನ್ಸಾರಿನವರೂ ಬದಲಾದರು. ಹೊಸಬರು ಪ್ರಸಾರ ಮಾಡಬಹುದು ಎಂದರು. ಅದೇ ವರ್ಷ ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ನಿನ್ನೆ ಅಯೋಗ್ಯವಾದದ್ದು ಇವತ್ತು ಪ್ರಶಸ್ತಿಗೆ ಯೋಗ್ಯ! ನೈತಿಕತೆ ಎಂದು ಇವರು ಕರೆಯುವುದು ಕುರ್ಚಿಯಲ್ಲಿ ಕೂತವನ ಜೊತೆ ಬದಲಾಗುವ ವಸ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

3

ಈಗ ಕೊನೆಯ ದೃಶ್ಯಕ್ಕೆ ಬರೋಣ. ಈ ಲೇಖನ ಹುಟ್ಟಿದ್ದೇ ಅದರಿಂದ.

ಪ್ರಾಣ ಉಳಿದ ಮೇಲೆ ಮೋ ಮತ್ತು ಬಾರ್ನಿಗೆ ನಾಚಿಕೆ: ಹೋಗಿ ಹೋಗಿ ಇಂಥವನ ಕೈಲಿ ಉಳಿದೆವಲ್ಲ! ಹೋಮರ್ ಅವರನ್ನು ಗದರುತ್ತಾನೆ. ನಮಗೆ ಪ್ರಾಣ ಕೊಟ್ಟವನಿಗೆ ಹಾಗೆಲ್ಲ ಅನ್ನಬೇಡಿ ಎನ್ನುತ್ತಾನೆ. ಆಮೇಲೆ ತಾನೇ ಒಂದೊಂದು ಬೈಗುಳ ಹುಡುಕಿ, ಯಾವ ಹೆಸರಿನಿಂದ ಕರೆದರೆ ನಿನಗೆ ಇಷ್ಟ ಎಂದು ಕೇಳುತ್ತಾನೆ. ಜಾನ್ ತಣ್ಣಗೆ ಹೇಳುತ್ತಾನೆ: ಅದಾದರೂ ಸರಿ, ಇಲ್ಲ ಜಾನ್ ಎಂದರೂ ಸರಿ. ಮನುಷ್ಯನಿಗೊಂದು ಹೆಸರಿದೆ ಎಂಬುದೇ ಹೋಮರನಿಗೆ ಹೊಳೆದಿರುವುದಿಲ್ಲ. ಹೆಸರಿದ್ದೂ ಕೇರಿಯ ಹೆಸರಿನಿಂದ, ಕಸುಬಿನ ಹೆಸರಿನಿಂದ ಕರೆಸಿಕೊಂಡು ಬೆಳೆದ ನಮ್ಮ ಓದುಗರಿಗೆ ಆ ಒಂದು ಮಾತಿನ ತೂಕ ಹೇಳಿಕೊಡಬೇಕಾಗಿಲ್ಲ.

ಅದಕ್ಕೆ ಮುಂಚೆ ಇನ್ನೊಂದು ಜಗಳ ನಡೆದಿರುತ್ತದೆ. ಸಲಿಂಗಪ್ರೇಮಿಗಳು ತಮ್ಮ ಮೇಲೆ ಎಸೆದಿದ್ದ ಒಂದು ಬೈಗುಳವನ್ನೇ ಎತ್ತಿಕೊಂಡು ತಮ್ಮ ಹೆಸರು ಮಾಡಿಕೊಂಡಿದ್ದರು. ಹೋಮರನಿಗೆ ಇದು ಸಹಿಸಲಾಗದ ಮೋಸ. ಆ ಪದ ನಿಮ್ಮನ್ನು ಗೇಲಿ ಮಾಡಲು ನಾವಿಟ್ಟುಕೊಂಡಿದ್ದು, ಅದನ್ನೂ ಕಿತ್ಕೊಂಡ್ರೆ ನಾವೇನು ಮಾಡೋದು ಎಂಬಂತೆ ಜಗಳಕ್ಕೆ ನಿಲ್ಲುತ್ತಾನೆ. ಈ ದೃಶ್ಯದಲ್ಲಿ ಬರಹಗಾರರಿಗೆ ಒಂದು ಸತ್ಯ ಸಿಕ್ಕಿದೆ. ಅವಮಾನದ ಪದ ಅವಮಾನ ಮಾಡುವವನ ಆಸ್ತಿ. ಅದನ್ನು ಕಿತ್ತುಕೊಂಡಾಗ ಅವನು ಬಡವಾಗುತ್ತಾನೆ. ಕರುಣೆಯಿಂದ ಇಟ್ಟ ಹೆಸರನ್ನು ಬೇಡವೆಂದು ‘ದಲಿತ’ ಎಂಬ ಪದವನ್ನು ನಮ್ಮ ಜನ ತಾವೇ ಆರಿಸಿಕೊಂಡಾಗಲೂ ಎಷ್ಟು ಜನಕ್ಕೆ ಹೊಟ್ಟೆ ಉರಿದಿತ್ತು ನೋಡಿ.

ಆದರೆ ಕಥೆಯ ಒಟ್ಟು ನಡೆ ಏನು ಹೇಳುತ್ತದೆ? ಹೋಮರನ ಮನಸ್ಸು ಬದಲಾದದ್ದು ಯೋಚನೆಯಿಂದಲ್ಲ. ಹೆಂಡತಿ ಹೇಳಿದಳು, ಬದಲಾಗಲಿಲ್ಲ. ಮಕ್ಕಳು ಜಾನನ ಜೊತೆ ಕಾರಿನಲ್ಲಿ ಊರೆಲ್ಲ ಸುತ್ತಿ ಖುಷಿಯಾಗಿ ಬಂದರು, ಬದಲಾಗಲಿಲ್ಲ. ಸಾವು ಎದುರಿಗೆ ಬಂದು, ಅದನ್ನು ಜಾನ್ ತಡೆದಾಗ ಬದಲಾಯಿತು. ಜಾನ್ ಇದನ್ನು ತನ್ನ ಬಾಯಲ್ಲೇ ಹೇಳುತ್ತಾನೆ: ನಿನ್ನಿಂದ ಗೌರವ ಪಡೆಯಲು ನಾನು ಮಾಡಬೇಕಾಗಿ ಬಂದದ್ದು ಇಷ್ಟೇ, ನಿನ್ನ ಪ್ರಾಣ ಉಳಿಸಿದ್ದು, ಇನ್ನು ಉಳಿದ ಸಲಿಂಗಪ್ರೇಮಿಗಳೂ ಒಬ್ಬೊಬ್ಬರಾಗಿ ನಿನ್ನ ಪ್ರಾಣ ಉಳಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಆ ಇಡೀ ಕಂತಿನಲ್ಲಿ ಇದಕ್ಕಿಂತ ಚೂಪಾದ ಮಾತಿಲ್ಲ. ನಗಿಸುತ್ತಲೇ ಅದು ಇಡೀ ವ್ಯವಸ್ಥೆಯ ಲೆಕ್ಕಪುಸ್ತಕ ಬಿಚ್ಚುತ್ತದೆ. ಹೊರಗಿನವನಿಗೆ ಮರ್ಯಾದೆ ಹುಟ್ಟಿನಿಂದ ಬರುವುದಿಲ್ಲ; ಕೂಲಿಯಾಗಿ ಬರುತ್ತದೆ. ಕೆಲಸ ಮುಗಿಸಿದ ಮೇಲೆ ಮಾತ್ರ.

ಕೇಳಬೇಕಾದ ಪ್ರಶ್ನೆ ಇದು: ಜಾನ್ ಆ ದಿನ ಅಲ್ಲಿಗೆ ಬರದೇ ಹೋಗಿದ್ದರೆ? ಅಥವಾ ಬಂದೂ, ಪ್ರಾಣಿಗಳಿಗೆ ಹೆದರಿ ಹಿಂದೆ ನಿಂತಿದ್ದರೆ? ಅವನು ಧೈರ್ಯವಂತನಲ್ಲದ, ಮಾತುಗಾರನಲ್ಲದ, ಯಾರಿಗೂ ಉಪಕಾರ ಮಾಡಲಾಗದ ಒಬ್ಬ ಸಾಧಾರಣ ಮನುಷ್ಯನಾಗಿದ್ದರೆ ಅವನಿಗೆ ಮರ್ಯಾದೆಯಿಲ್ಲವೇ? ಹೋಮರನಂಥ ದಡ್ಡನಿಗೆ ದಡ್ಡನಾಗಿಯೇ ಬದುಕುವ ಹಕ್ಕಿದೆ. ಜಾನನಿಗೆ ಆ ಹಕ್ಕಿಲ್ಲ. ಅವನು ವೀರನಾಗಲೇಬೇಕು.

4

ಇದು ಒಂದು ಕಂತಿನ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಹಿಂದೆ ಮುಂದೆ ನೋಡಿದರೆ ಅದೇ ಅಚ್ಚು ಮತ್ತೆ ಮತ್ತೆ ಕಾಣುತ್ತದೆ.

1990ರ ಅಕ್ಟೋಬರಿನ ಒಂದು ಕಂತಿನಲ್ಲಿ ಹೋಮರನ ಬೋಳುತಲೆಗೆ ಔಷಧದಿಂದ ಕೂದಲು ಬಂದು, ಕೂದಲಿನಿಂದ ಬಡ್ತಿಯೂ ಬರುತ್ತದೆ. ಅವನಿಗೆ ಸಿಕ್ಕ ಸಹಾಯಕನ ಹೆಸರು ಕಾರ್ಲ್. ದನಿ ಕೊಟ್ಟವನು ತಾನು ಸಲಿಂಗಪ್ರೇಮಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ನಟ, ನಾಟಕಕಾರ ಹಾರ್ವಿ ಫಯರ್‌ಸ್ಟೀನ್. ಔಷಧದ ದುಡ್ಡಿಗಾಗಿ ಹೋಮರ್ ಕಂಪನಿಗೆ ಮಾಡಿದ ಮೋಸ ಹೊರಬಿದ್ದಾಗ ಕಾರ್ಲ್ ಅದನ್ನು ತನ್ನ ತಲೆಗೆ ಕಟ್ಟಿಕೊಂಡು ಕೆಲಸ ಕಳೆದುಕೊಳ್ಳುತ್ತಾನೆ. ಆಮೇಲೆ ಕೂದಲು ಹೋಗಿ ಕುಗ್ಗಿ ಕೂತ ಹೋಮರನಿಗೆ ಬಂದು ಧೈರ್ಯ ತುಂಬಿ, ಒಂದು ಮುತ್ತು ಕೊಟ್ಟು ಹೋಗುತ್ತಾನೆ. ಹೋಮರನ ನೌಕರಿ ಉಳಿಯುತ್ತದೆ. ಕಾರ್ಲನದು ಹೋಯಿತು. ಹೋದದ್ದಕ್ಕೆ ಯಾರೂ ಅಳುವುದಿಲ್ಲ. 1990ರಲ್ಲಿ ಅನ್ನ ಕೊಟ್ಟ, 1997ರಲ್ಲಿ ಪ್ರಾಣ ಕೊಟ್ಟ. ಕೊಡುವವನು ಯಾವತ್ತೂ ಒಂದೇ ಕಡೆಯವನು.

ಇನ್ನು ಸ್ಮಿದರ್ಸ್. ಅಣುಸ್ಥಾವರದ ಮಾಲೀಕ ಬರ್ನ್ಸ್ ಎಂಬ ಮುದಿ ಕೋಟ್ಯಧೀಶನ ಬಲಗೈ. ಧಣಿಯ ಶೂ ಒರೆಸುವುದರಿಂದ ಹಿಡಿದು ಅವನ ಪಾಪಗಳನ್ನು ಮುಚ್ಚುವವರೆಗೆ ಎಲ್ಲ ಇವನದೇ. ಅವನಿಗೆ ಧಣಿಯ ಮೇಲೆ ಹೇಳಿಕೊಳ್ಳಲಾಗದ ಪ್ರೀತಿ. ಈ ‘ಹೇಳಿಕೊಳ್ಳಲಾಗದ’ ಎಂಬುದನ್ನೇ ಹಿಡಿದುಕೊಂಡು ಚಿತ್ರಮಾಲೆ ಕಾಲು ಶತಮಾನ ನಗಿಸಿತು. ಅವನ ಕನಸಿನಲ್ಲಿ ಬರ್ನ್ಸ್ ಕಿಟಕಿಯಿಂದ ಹಾರಿಬರುತ್ತಾನೆ, ಕೇಕಿನಿಂದ ಬೆತ್ತಲೆ ಏಳುತ್ತಾನೆ. ನೋಡುವವರಿಗೆಲ್ಲ ಗೊತ್ತು, ಬರ್ನ್ಸನಿಗೊಬ್ಬನಿಗೆ ಗೊತ್ತಿಲ್ಲ.

ಈ ಪಾತ್ರದ ಹಿಂದೆ ಒಂದು ಸಂಗತಿಯಿದೆ. 1990ರ ಜನವರಿಯ ಕಂತಿನಲ್ಲಿ ಸ್ಮಿದರ್ಸ್ ಮೊದಲ ಸಲ ತೆರೆಗೆ ಬಂದಾಗ ಬಣ್ಣ ಹಚ್ಚುವವರ ತಪ್ಪಿನಿಂದ ಅವನು ಕಪ್ಪು ಮನುಷ್ಯನಾಗಿದ್ದ. ಆಮೇಲೆ ಎಲ್ಲರಂತೆ ಹಳದಿಯಾದ. ಕಪ್ಪು ಮನುಷ್ಯ ಬಿಳಿಯ ಧಣಿಯ ಕಾಲೊತ್ತುವುದನ್ನು ತೋರಿಸುವುದು ಸರಿಯಲ್ಲ ಎಂದು ತಯಾರಕರಿಗೆ ಅನ್ನಿಸಿತ್ತು. ಸರಿಯಾಗೇ ಅನ್ನಿಸಿದೆ! ಕಪ್ಪು ಜನರ ಹೋರಾಟದ ಬಿಸಿ ಅಲ್ಲಿನ ಚಿತ್ರಕಾರರ ಮೇಜಿನವರೆಗೂ ಮುಟ್ಟಿತ್ತು ಎಂದಾಯಿತು. ಆದರೆ ಅದೇ ಮೇಜಿನ ಮೇಲೆ, ಸಲಿಂಗಪ್ರೇಮಿಯೊಬ್ಬ ಧಣಿಯ ಕಾಲೊತ್ತುತ್ತ, ಒತ್ತುವುದರಲ್ಲೇ ಸುಖಪಡುತ್ತಾನೆ ಎಂದು ತೋರಿಸುವುದು 26 ವರ್ಷ ಯಾರಿಗೂ ತೊಡಕಾಗಿ ಕಾಣಲಿಲ್ಲ. ಒಂದು ಅವಮಾನವನ್ನು ಗುರುತಿಸಿದ ಕಣ್ಣು ಪಕ್ಕದ ಅವಮಾನವನ್ನು ತಾನಾಗಿ ಗುರುತಿಸುವುದಿಲ್ಲ. ಅದಕ್ಕೆ ಬೇರೆಯದೇ ಹೋರಾಟ ಬೇಕಾಗುತ್ತದೆ. ಚಳವಳಿಯಲ್ಲಿರುವ ನಾವೆಲ್ಲ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದ ಪಾಠ ಇದು.

2016ರ ಏಪ್ರಿಲ್ 3ರ ಕಂತಿನಲ್ಲಿ ಸ್ಮಿದರ್ಸನ ಗುಟ್ಟು ಕೊನೆಗೂ ಗುಟ್ಟಾಗಿ ಉಳಿಯಲಿಲ್ಲ. ಅಲ್ಲೂ ಶುರುವಿನಲ್ಲೇ ಸ್ಮಿದರ್ಸ್ ಆಕಾಶದಿಂದ ಧುಮುಕುವ ಆಟದಲ್ಲಿ ಬರ್ನ್ಸನ ಪ್ರಾಣ ಉಳಿಸುತ್ತಾನೆ. ಮತ್ತೆ ಪ್ರಾಣ! ಆದರೆ ಬರ್ನ್ಸ್ ಧಣಿ. ಧಣಿಗೆ ಸೇವಕನ ಋಣ ಇರುವುದಿಲ್ಲ. ಅವನು ಅಲ್ಲಗಳೆಯುತ್ತಾನೆ. ಮನಸ್ಸು ಮುರಿದ ಸ್ಮಿದರ್ಸ್ ಕಾರ್ಖಾನೆಯಲ್ಲಿ ಕೆಲಸಗಾರರ ಮೇಲೆ ಹರಿಹಾಯತೊಡಗುತ್ತಾನೆ. ಆಗ ಹೋಮರ್ ಮತ್ತು ಗೆಳೆಯರು ಅವನಿಗೊಬ್ಬ ಜೊತೆಗಾರನನ್ನು ಹುಡುಕಲು ಹೊರಡುತ್ತಾರೆ. ಯಾಕಂದ್ರೆ ಅವನು ಖುಷಿಯಾಗಿದ್ದರೆ ಇವರ ಮೇಲಿನ ಕಾಟ ಕಡಿಮೆ! ಹತ್ತೊಂಬತ್ತು ವರ್ಷದಲ್ಲಿ ಹೋಮರ್ ಬಹಳ ಕಲಿತಿದ್ದಾನೆ, ಸಲಿಂಗಪ್ರೇಮಿಯನ್ನು ಕಂಡು ಕಿರುಚುವುದಿಲ್ಲ. ಆದರೆ ‘ನನಗೇನು ಲಾಭ?’ ಎಂಬ ಲೆಕ್ಕ ಮಾತ್ರ ಹಾಗೇ ಉಳಿದಿದೆ.

5

ಈ ಲೆಕ್ಕ ಅತಿ ನಿಚ್ಚಳವಾಗಿ ಕಾಣುವುದು 2005ರ ಫೆಬ್ರವರಿ 20ರ ಕಂತಿನಲ್ಲಿ. ಅದಕ್ಕೂ ಹಿನ್ನೆಲೆಯಿದೆ. 2004ರ ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಲಿಂಗಿಗಳ ಮದುವೆ ಕಾನೂನಾಯಿತು. ಅದೇ ವರ್ಷ ನವೆಂಬರಿನ ಚುನಾವಣೆಯಲ್ಲಿ 11 ರಾಜ್ಯಗಳ ಮತದಾರರು ಇಂಥ ಮದುವೆಯನ್ನು ನಿಷೇಧಿಸಿ ತಮ್ಮ ಸಂವಿಧಾನಗಳನ್ನೇ ತಿದ್ದಿದರು. ದೇಶ ಎರಡಾಗಿ ಸೀಳಿದ್ದ ಕಾಲ. ಕಂತು ಶುರುವಾಗುವ ಮೊದಲು ತಂದೆ ತಾಯಂದಿರಿಗೆ ಎಚ್ಚರಿಕೆಯ ಫಲಕ ತೋರಿಸಿದರು.

ಸ್ಪ್ರಿಂಗ್‌ಫೀಲ್ಡಿಗೆ ಕೆಟ್ಟ ಹೆಸರು ಬಂದು ಪ್ರವಾಸಿಗರು ನಿಲ್ಲುತ್ತಾರೆ. ಊರಿಗೆ ದುಡ್ಡು ಬೇಕು. ಸಲಿಂಗಿಗಳ ಮದುವೆಗೆ ಕಾನೂನು ಮಾಡಿದರೆ ಅವರೆಲ್ಲ ಇಲ್ಲಿಗೆ ಬಂದು ಖರ್ಚು ಮಾಡುತ್ತಾರೆ ಎಂಬ ಸಲಹೆ ಬಂದದ್ದೇ ಊರೆಲ್ಲ ಒಪ್ಪುತ್ತದೆ. ಪಾದ್ರಿ ಮದುವೆ ಮಾಡಿಸಲಾರೆ ಎನ್ನುತ್ತಾನೆ. ಒಂದು ಜೋಡಿಗೆ 200 ಡಾಲರ್ ಎಂದು ಕೇಳಿದ್ದೇ ತಡ, ಹೋಮರ್ ಇಂಟರ್‌ನೆಟ್ಟಿನಲ್ಲಿ ಪಾದ್ರಿಯ ಸರ್ಟಿಫಿಕೇಟು ಪಡೆದು ಮನೆಯಲ್ಲೇ ಮದುವೆ ಅಂಗಡಿ ತೆರೆಯುತ್ತಾನೆ! ಬಂಡವಾಳಶಾಹಿಯ ಔದಾರ್ಯದ ಬಗ್ಗೆ ಇದಕ್ಕಿಂತ ಚೆನ್ನಾದ ವಿಡಂಬನೆ ಸಿಗುವುದು ಕಷ್ಟ. ಪೇಟೆಗೆ ಗಿರಾಕಿ ಬೇಕಾದಾಗ ಎಲ್ಲರೂ ಸಮಾನರು.

ಕಥೆಯ ನಿಜವಾದ ಗಾಯ ಬೇರೆ ಕಡೆ ಇದೆ. ಮಾರ್ಜಳ ಅಕ್ಕ ಪ್ಯಾಟಿ ಬಂದು, ತಾನು ವೆರೋನಿಕಾ ಎಂಬ ಗಾಲ್ಫ್ ಆಟಗಾರ್ತಿಯನ್ನು ಮದುವೆಯಾಗುತ್ತೇನೆ ಎನ್ನುತ್ತಾಳೆ. ಊರ ಮುಂದೆ ಈ ಮದುವೆಗಳನ್ನು ಸಮರ್ಥಿಸಿದ್ದ ಮಾರ್ಜ್ ತನ್ನ ಅಕ್ಕನ ವಿಷಯಕ್ಕೆ ಬಂದಾಗ ಬಾಯಿ ಕಟ್ಟಿದವಳಂತಾಗುತ್ತಾಳೆ. ಹೋಮರನ ದ್ವೇಷ ಕಿರುಚುತ್ತದೆ, ಎಲ್ಲರಿಗೂ ಕೇಳಿಸುತ್ತದೆ. ಮಾರ್ಜಳ ಅಸಮ್ಮತಿ ಮೆತ್ತಗಿರುತ್ತದೆ, ನಗುನಗುತ್ತಲೇ ಇರುತ್ತದೆ. ಸಭೆಯಲ್ಲಿ ಸಮಾನತೆಯ ಭಾಷಣ ಮಾಡಿ, ಮನೆಯಲ್ಲಿ ಮಗಳು ಬೇರೆ ಜಾತಿಯವನ ಹೆಸರು ಹೇಳಿದ ದಿನ ಅನ್ನ ನೀರು ಬಿಟ್ಟು ಮಲಗುವ ಪ್ರಗತಿಪರರನ್ನು ಕಂಡವರಿಗೆ ಮಾರ್ಜ್ ಹೊಸಬಳಲ್ಲ. ನಮ್ಮ ಪ್ರಕಾರ ಈ ಚಿತ್ರಮಾಲೆಯ ಅತ್ಯಂತ ಪ್ರಾಮಾಣಿಕ ಚಿತ್ರಣ ಇದು.

ಇನ್ನೊಂದು ಮಾತು. ಪ್ಯಾಟಿ ಯಾರ ಪ್ರಾಣವನ್ನೂ ಉಳಿಸುವುದಿಲ್ಲ. ಅವಳು ಸಿಡುಕಿ, ಸಿಗರೇಟು ಸೇದುವವಳು, ಹೋಮರನನ್ನು ಕಂಡರೆ ಆಗದವಳು. ಅವಳು ಉಪಕಾರದ ಲೆಕ್ಕ ಒಪ್ಪಿಸದೆ ‘ನಾನು ಹೀಗಿದ್ದೇನೆ’ ಎಂದಷ್ಟೇ ಹೇಳುತ್ತಾಳೆ. ಬೇಡುವ ದನಿಯಿಲ್ಲ. ಜಾನ್‌ಗಿಂತ ಪ್ಯಾಟಿ ಇಟ್ಟ ಹೆಜ್ಜೆ ದೊಡ್ಡದು.

ಆದರೆ ಬರಹಗಾರರಿಗೆ ಅಷ್ಟು ಧೈರ್ಯ ಕೊನೆತನಕ ಉಳಿಯಲಿಲ್ಲ. ವೆರೋನಿಕಾ ಹೆಂಗಸರ ಪಂದ್ಯದಲ್ಲಿ ಆಡಲು ವೇಷ ಹಾಕಿದ ಗಂಡಸು ಎಂದು ಮದುವೆ ಮಂಟಪದಲ್ಲಿ ಬಯಲಾಗುತ್ತದೆ. ಪ್ಯಾಟಿ, ತನಗೆ ಹೆಣ್ಣೇ ಬೇಕು ಎಂದು ಹೇಳಿ ಹೊರಟುಬಿಡುತ್ತಾಳೆ. ಅಕ್ಕನನ್ನು ಮಾರ್ಜ್ ಒಪ್ಪಿಕೊಳ್ಳುತ್ತಾಳೆ, ಸರಿ. ಆದರೆ ಮದುವೆ ಮಾತ್ರ ತಪ್ಪಿತು. ಮಾರ್ಜಳ ಒಪ್ಪಿಗೆಗೆ ಪರೀಕ್ಷೆಯೇ ಬರಲಿಲ್ಲ! ಜೊತೆಗೆ, ಸೀರೆಯೊಳಗೆ ಗಂಡಸಿದ್ದಾನೆ, ಮೋಸ ಮಾಡಲು ಬಂದಿದ್ದಾನೆ ಎಂಬ ಹಳೆಯ ಬೀದಿ ಜೋಕನ್ನೇ ಬಳಸಿಕೊಂಡರು. ನಿಜಜೀವನದಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರು ಈ ‘ಮೋಸಗಾರರು’ ಎಂಬ ಒಂದು ಮಾತಿನಿಂದಲೇ ಎಷ್ಟು ಏಟು ತಿಂದಿದ್ದಾರೆ! ಒಬ್ಬರಿಗೆ ಬಾಗಿಲು ತೆರೆಯಲು ಇನ್ನೊಬ್ಬರನ್ನು ಮೆಟ್ಟಿಲು ಮಾಡಿಕೊಂಡರು.

6

‘ಬರೀ ತಮಾಷೆಯಪ್ಪಾ, ಇಷ್ಟು ಕೆದಕಬೇಕೆ?’ ಎನ್ನುವವರಿಗೆ ಒಂದು ಘಟನೆ ನೆನಪಿಸಬೇಕು. ಹೋಮರನ ಭಯ ಕಂಡು ಅಮೆರಿಕ ನಕ್ಕು ಎರಡು ವರ್ಷ ಕಳೆದಿರಲಿಲ್ಲ. 1998ರ ಅಕ್ಟೋಬರಿನಲ್ಲಿ ವಯೋಮಿಂಗ್ ರಾಜ್ಯದ ಲಾರಮಿ ಊರಿನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಸಲಿಂಗಪ್ರೇಮಿ ವಿದ್ಯಾರ್ಥಿಯನ್ನು ಇಬ್ಬರು ಯುವಕರು ಊರಾಚೆ ಒಯ್ದು, ಬೇಲಿಗೆ ಕಟ್ಟಿ, ಬಡಿದು ಬಿಟ್ಟುಹೋದರು. ಅಕ್ಟೋಬರ್ 12ರಂದು ಅವನು ಸತ್ತ. ಕೋರ್ಟಿನಲ್ಲಿ ಆರೋಪಿಯೊಬ್ಬನ ವಕೀಲರು, ಸತ್ತವನು ಮೈಮೇಲೆ ಬಂದಿದ್ದರಿಂದ ಇವನಿಗೆ ದಿಗಿಲಾಗಿ ಹೊಡೆದ ಎಂದು ವಾದಿಸಲು ನೋಡಿದರು. ನ್ಯಾಯಾಧೀಶರು ಆ ವಾದಕ್ಕೆ ಅವಕಾಶ ಕೊಡಲಿಲ್ಲ. ಹೋಮರನದೂ ದಿಗಿಲೇ. ತೆರೆಯ ಮೇಲೆ ಅದು ಕೈಯಲ್ಲಿ ಬಂದೂಕು ಹಿಡಿದು ಕಾಡಿಗೆ ಹೋಗುತ್ತದೆ, ನಾವು ನಗುತ್ತೇವೆ. ಲಾರಮಿಯಲ್ಲೂ ಅದೇ ದಿಗಿಲು ಊರಾಚೆ ಹೋಯಿತು.

ಅದೇ 1998ರ ಜೂನಿನಲ್ಲಿ ಟೆಕ್ಸಾಸಿನಲ್ಲಿ ಜೇಮ್ಸ್ ಬರ್ಡ್ ಎಂಬ ಕಪ್ಪು ಮನುಷ್ಯನನ್ನು ಬಿಳಿಯರು ವಾಹನಕ್ಕೆ ಕಟ್ಟಿ ಎಳೆದು ಕೊಂದಿದ್ದರು. 2009ರಲ್ಲಿ ದ್ವೇಷದ ಅಪರಾಧಗಳ ವಿರುದ್ಧ ಅಮೆರಿಕ ಮಾಡಿದ ಕಾನೂನಿಗೆ ಶೆಪರ್ಡ್ ಮತ್ತು ಬರ್ಡ್ ಇಬ್ಬರ ಹೆಸರನ್ನೂ ಒಟ್ಟಿಗೆ ಇಟ್ಟರು. ಇದಕ್ಕೂ ಎಷ್ಟೋ ಮುಂಚೆ, 1970ರಲ್ಲೇ, ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹ್ಯೂಯಿ ನ್ಯೂಟನ್ ತನ್ನ ಸಂಗಾತಿಗಳಿಗೆ, ಸಲಿಂಗಪ್ರೇಮಿಗಳ ವಿಮೋಚನೆಯ ಹೋರಾಟವನ್ನು ನಮ್ಮ ಜೊತೆಗಾರ ಎಂದು ತಿಳಿಯಿರಿ, ಶತ್ರುವನ್ನು ಬೈಯಲು ಅವರ ಹೆಸರನ್ನು ಬಳಸಬೇಡಿ ಎಂದು ಹೇಳಿದ್ದ. ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರಿನಿಂದಲೇ ನಮ್ಮ ದಲಿತ ಪ್ಯಾಂಥರ್ ಹುಟ್ಟಿದ್ದು. ಹೆಸರು ತಂದುಕೊಂಡ ನಾವು ಆ ಮಾತನ್ನೂ ತಂದುಕೊಂಡೆವೇ? ಎದುರಾಳಿಯನ್ನು ಹೀಯಾಳಿಸಲು ‘ಬಳೆ ತೊಟ್ಕೋ’, ‘ಹೆಣ್ಣಿಗ’ ಎಂಬ ಮಾತು ನಮ್ಮ ವೇದಿಕೆಗಳಲ್ಲೂ ಕೇಳಿಬರುತ್ತಿಲ್ಲವೇ?

ಇಲ್ಲಿ ಬರೆಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಜಾನನಿಗೆ ದನಿ ಕೊಟ್ಟವನು ಜಾನ್ ವಾಟರ್ಸ್. ಸ್ವತಃ ಸಲಿಂಗಪ್ರೇಮಿ, ಸಭ್ಯ ಸಮಾಜ ಮೂಗು ಮುಚ್ಚಿಕೊಳ್ಳುವಂಥ ಸಿನಿಮಾ ತೆಗೆದು ಹೆಸರಾದ ನಿರ್ದೇಶಕ. ಪ್ರಾಣ ಉಳಿಸುವ ಆ ಚೂಪು ಮಾತು ಅವನ ದನಿಯಲ್ಲಿ ಬಂದದ್ದರಿಂದಲೇ ಕಚ್ಚುತ್ತದೆ. 2016ರ ಸ್ಮಿದರ್ಸ್ ಕಂತು ಬರೆದ ರಾಬ್ ಲಝೆಬ್ನಿಕ್‌ಗೆ ಪ್ರೇರಣೆ ಸಲಿಂಗಪ್ರೇಮಿಯಾದ ತನ್ನ ಮಗ. 2021ರ ನವೆಂಬರಿನ ಕಂತನ್ನು ಆ ಮಗ ಜಾನಿಯೇ ತಂದೆಯ ಜೊತೆ ಕೂತು ಬರೆದ. ಅದರಲ್ಲಿ ಸ್ಮಿದರ್ಸನಿಗೆ ನಿಜವಾದ ಪ್ರೀತಿ ಸಿಗುತ್ತದೆ. ಸಿಕ್ಕವನು ಬಟ್ಟೆ ಉದ್ಯಮದ ಸಾಹುಕಾರ. ಅವನ ಕಾರ್ಖಾನೆ ಊರಿಗೆ ಮಾಡುವ ಅನ್ಯಾಯ ಕಂಡಾಗ ಸ್ಮಿದರ್ಸ್ ಪ್ರೀತಿಯನ್ನೇ ಬಿಟ್ಟು ಬರಬೇಕಾಗುತ್ತದೆ. ಮೊದಲ ಸಲ ಅವನು ಧಣಿಯ ನೆರಳಲ್ಲ, ಜೋಕೂ ಅಲ್ಲ; ಸರಿತಪ್ಪು ತೂಗುವ ಮನುಷ್ಯ. ಮಗ ಮೇಜಿಗೆ ಬಂದಮೇಲೆ ಪಾತ್ರಕ್ಕೆ ಬೆನ್ನೆಲುಬು ಬಂತು. ಅನುಕಂಪದಿಂದ ಬರೆಯುವುದಕ್ಕೂ ಅನುಭವದಿಂದ ಬರೆಯುವುದಕ್ಕೂ ಇರುವ ಈ ಅಂತರಕ್ಕಾಗಿಯೇ ಅಲ್ಲವೇ ನಮ್ಮ ಸಾಹಿತ್ಯ ಚಳವಳಿ ಹುಟ್ಟಿದ್ದು? ಕನ್ನಡದಲ್ಲೂ 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಾಗ, ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಬಂದಾಗ, ಬೇರೆಯವರ ಬಾಯಲ್ಲಿ ಗೇಲಿಯಾಗಿದ್ದ ಬದುಕು ತನ್ನ ಬಾಯಿಂದ ಮಾತಾಡಿತು.

7

ಕಾನೂನಿನ ಮಾತು. ಬ್ರಿಟಿಷರು 1860ರಲ್ಲಿ ನಮ್ಮ ತಲೆಗೆ ಕಟ್ಟಿದ ದಂಡಸಂಹಿತೆಯ 377ನೇ ಕಲಂ ಸಲಿಂಗಪ್ರೇಮವನ್ನು ಅಪರಾಧ ಮಾಡಿತ್ತು. ಅದನ್ನು ಹಿಡಿದು ಪೊಲೀಸರು ಬಡಪಾಯಿಗಳಿಂದ ದುಡ್ಡು ಕಿತ್ತರು, ಲಾಠಿ ಬೀಸಿದರು. ಬೆಂಗಳೂರಿನ ಇಂಥ ದೌರ್ಜನ್ಯಗಳ ಬಗ್ಗೆ ಪಿಯುಸಿಎಲ್ ಕರ್ನಾಟಕ ಘಟಕ 2001ರಲ್ಲೇ ವರದಿ ತಂದಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಒಪ್ಪಿ ಕೂಡಿದ ವಯಸ್ಕರ ಮಟ್ಟಿಗೆ ಆ ಕಲಂ ಸಲ್ಲದು ಎಂದಿತು. ಆ ತೀರ್ಪು ನಿಂತಿದ್ದು ಸಂವಿಧಾನದ ನೈತಿಕತೆ ಎಂಬ ಮಾತಿನ ಮೇಲೆ. ಆ ಮಾತನ್ನು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎತ್ತಿದವರು ಅಂಬೇಡ್ಕರ್. ಅವರೇ 1934ರಲ್ಲಿ, ಲೈಂಗಿಕತೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದಕ್ಕೆ ಅಶ್ಲೀಲತೆಯ ಮೊಕದ್ದಮೆ ಎದುರಿಸುತ್ತಿದ್ದ ಮರಾಠಿ ಪತ್ರಿಕೆಯ ಸಂಪಾದಕ ರ. ಧೋಂ. ಕರ್ವೆ ಪರವಾಗಿ ಬಾಂಬೆ ಹೈಕೋರ್ಟಿನಲ್ಲಿ ವಾದಿಸಿದ್ದರು. ಹಾಗಿರುವಾಗ ಇದು ‘ನಮ್ಮ ವಿಷಯ ಅಲ್ಲ’ ಎನ್ನುವುದು ಹೇಗೆ? 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಸಲಿಂಗಿಗಳ ಮದುವೆಯ ಹಕ್ಕನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ದಾರಿ ಇನ್ನೂ ಇದೆ.

2018ರ ತೀರ್ಪಿಗೂ ಹೋಮರನ ಕಥೆಗೂ ಇರುವ ವ್ಯತ್ಯಾಸ ಇಲ್ಲಿದೆ. ಕೋರ್ಟು, ನೀವು ದೇಶಕ್ಕೇನು ಉಪಕಾರ ಮಾಡಿದ್ದೀರಿ ಎಂದು ಕೇಳಲಿಲ್ಲ. ಮನುಷ್ಯರಾಗಿದ್ದೀರಿ, ಅಷ್ಟು ಸಾಕು ಎಂದಿತು. ಮರ್ಯಾದೆ ಕೊಡುವ ಬಹುಮಾನವಲ್ಲ. ಮೊದಲೇ ಇರುವ ಹಕ್ಕು. ಸಿಂಪ್ಸನ್ಸ್‌ನ ಬರಹಗಾರರು ಈ ಸತ್ಯವನ್ನು ಜಾನನ ಬಾಯಲ್ಲಿ ಒಂದು ಕುಟುಕಾಗಿ ಹೇಳಿಸಿದರು, ಕಥೆಯನ್ನು ಮಾತ್ರ ಹಳೆಯ ಲೆಕ್ಕದಲ್ಲೇ ಮುಗಿಸಿದರು. ಅವರ ದೊಡ್ಡತನವೂ ಅಳುಕೂ ಎರಡೂ ಅಲ್ಲೇ ಇದೆ.

ಹಳ್ಳಿ ಶಾಲೆಗಳ ಮೇಷ್ಟ್ರುಗಳು ಈ ಪತ್ರಿಕೆ ಓದುತ್ತಾರೆ. ನಿಮ್ಮ ತರಗತಿಯಲ್ಲೂ ಒಬ್ಬ ಹುಡುಗ ಇದ್ದಾನೆ. ಅವನ ದನಿ ಸಣ್ಣದು, ಅವನು ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಾನೆ, ಹಿಂದಿನ ಬೆಂಚು ಅವನಿಗೊಂದು ಅಡ್ಡಹೆಸರಿಟ್ಟಿದೆ. ಅವನು ಚೆನ್ನಾಗಿ ಓದಿ ಜಿಲ್ಲೆಗೆ ಮೊದಲು ಬಂದು ಶಾಲೆಗೆ ಹೆಸರು ತರುವ ತನಕ ಕಾಯಬೇಡಿ. ನಪಾಸಾಗುವ ಹುಡುಗನಾದರೂ ಸರಿ, ನಾಳೆ ಹಾಜರಿ ಕರೆಯುವಾಗ ಆ ಅಡ್ಡಹೆಸರು ಹೇಳಿ ನಕ್ಕವರನ್ನು ನಿಲ್ಲಿಸಿ, ಅವನ ಹೆಸರನ್ನು ಇಡೀ ತರಗತಿಗೆ ಕೇಳುವಂತೆ ಕರೆಯಿರಿ.